ಬಾಕು ಹುಡುಕ್ಕೊಂಡು ಭಾವನ ಜೊತೆ ಇಟಲಿಗೆ

ಬುಧವಾರ: ಮ್ಯೂನಿಕ್‌ನಿಂದ ಬ್ರೆಶಾ

ನಮ್ಮ ಭಾವ ಪೀಣ್ಯದಲ್ಲಿ ಟೂಲ್‌ರೂಮ್ ನಡೆಸ್ತಾರೆ, ಡೈ, ಜಿಗ್ಸು, ಫಿಕ್ಸ್ಚರು ಅಂತಲೇ ಆಯುಷ್ಯ ಕಳೆದವರು. ಅಕ್ಕನ ಜೊತೆ ಮ್ಯೂನಿಕ್‌ಗೆ ನಮ್ಮನೆಗೆ ಬಂದಿದ್ರು. ಅರಮನೆ ಚರ್ಚು ಎಲ್ಲಾ ನೋಡಿ ಮುಗಿದ್ಮೇಲೆ ಬೇಜಾರಾಗಿ ನಮ್ಮನೆ ಬಾಗಿಲ ಹಿಂಜು, ಮಿಕ್ಸಿ, ಕಾಫಿ ಮಷೀನು ಒಂದೊಂದಾಗಿ ಬಿಚ್ಚೋಕೆ ಶುರು ಮಾಡಿದ್ರು. ನನ್ನ ಹೆಂಡ್ತಿ ಕಣ್ಸನ್ನೆ ಮಾಡಿದ್ಳು, ಇವರನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗು ಅಂತ. ನಂಗೋ ಹಳೇ ಯುರೋಪಿಯನ್ ಬಾಕುಗಳ ಹುಚ್ಚು, ಅದ್ರಲ್ಲೂ ಕುಯ್ಯೋಕಲ್ಲದೆ ಬರೀ ಚುಚ್ಚೋಕೆ ಅಂತಲೇ ಮಾಡಿದ ರಾಂಡೆಲ್, ಸ್ಟಿಲೆಟ್ಟೊ ಥರದವು. ಅರೆಟ್ಸೊ ಊರಲ್ಲಿ ತಿಂಗಳ ಮೊದಲ ಭಾನುವಾರ ಮತ್ತೆ ಅದರ ಹಿಂದಿನ ಶನಿವಾರ ಹಳೇ ಸಾಮಾನಿನ ದೊಡ್ಡ ಸಂತೆ ಇರತ್ತೆ, ದಾರಿಯಲ್ಲಿ ಮ್ಯೂಸಿಯಂ ನೋಡ್ಕೊಂಡು ಅಲ್ಲಿಗೆ ಹೋಗೋಣ ಅಂತ ಪ್ಲ್ಯಾನು. ಸಂತೆಗೆ ಹೋಗೋ ಮುಂಚೆ ಅಸಲಿ ಮಾಲು ಕಣ್ತುಂಬ ನೋಡಿರ್ಬೇಕು, ಈ ಆರ್ಡರ್ ಮಾತ್ರ ತಪ್ಪಿಸ್ಬಾರದು ಅನ್ನೋದು ನನ್ನ ಅಭಿಪ್ರಾಯ.

ಬ್ರೆನ್ನರ್ ಪಾಸ್ ದಾಟಿ ವೆರೋನಾಗೆ ಹೋಗೋ ರೈಲು ಹತ್ತಿದ್ವಿ. ಬೆಟ್ಟದ ಮೇಲೆ ಮಂಜು, ಕೆಳಗೆ ಸೇಬಿನ ತೋಟ, ಅಕ್ಕ ಕಟ್ಟಿಕೊಟ್ಟ ಚಪಾತಿ ಪಲ್ಯ. ಭಾವಂಗೆ ಫೋನಲ್ಲಿ ಫೋಟೋ ತೋರಿಸ್ತಾ ಪಾಠ ಶುರು ಮಾಡಿದೆ. 14, 15ನೇ ಶತಮಾನದಲ್ಲಿ ಸೈನಿಕರು ಮೈತುಂಬ ಉಕ್ಕಿನ ಕವಚ ಹಾಕ್ಕೊಂಡಾಗ ಕತ್ತಿ ಬೀಸಿ ಪ್ರಯೋಜನ ಕಮ್ಮಿ ಆಯ್ತು, ಕಂಕುಳು, ತೊಡೆಸಂದು, ಮುಖದ ಕವಚದ ಸೀಳು, ಇಂಥ ಸಂದಿಯಲ್ಲಿ ತಳ್ಳೋಕೆ ಗಟ್ಟಿ ದಪ್ಪ ಅಲಗು ಬೇಕಾಯ್ತು. ಅದೇ ರಾಂಡೆಲ್ ಬಾಕು, ಹಿಡಿಕೆಯ ಎರಡೂ ತುದಿಗೆ ಬಿಲ್ಲೆ ಇರತ್ತೆ, ಒತ್ತುವಾಗ ಕೈ ಜಾರಲ್ಲ, ಇನ್ನೊಂದು ಕೈಯಿಂದ ಮೇಲಿನ ಬಿಲ್ಲೆ ಗುದ್ದಬಹುದು. ಆಮೇಲೆ ರೇಪಿಯರ್ ಅನ್ನೋ ಉದ್ದ ಸಪೂರ ಕತ್ತಿ ಕಾಲದಲ್ಲಿ ಎಡಗೈಲಿ ಹಿಡಿಯೋ ಬಾಕು ಬಂತು, ಎದುರಾಳಿ ಕತ್ತಿಯನ್ನ ತಡೆಯೋಕೆ ಪಕ್ಕದಲ್ಲಿ ಒಂದು ಬಳೆ. ಸೂಜಿಯಂಥ ಅಲಗಿನ ಸ್ಟಿಲೆಟ್ಟೊ ಜೋರಾಗಿದ್ದು 16ನೇ ಶತಮಾನದ ಕೊನೆ ಮತ್ತೆ 17ರಲ್ಲಿ, ಬಟ್ಟೆ ಒಳಗೆ ಬಚ್ಚಿಡೋಕೆ ಸುಲಭ, ಅದಕ್ಕೇ ಇಟಲಿಯ ಎಷ್ಟೋ ರಾಜ್ಯಗಳು ಇದನ್ನ ಬ್ಯಾನ್ ಮಾಡಿದ್ವು.

ಭಾವ ಕನ್ನಡಕ ಹಣೆಗೇರಿಸಿ ಫೋಟೋ ದೊಡ್ಡದು ಮಾಡಿ ನೋಡಿದ್ರು. "ಅಂಚೇ ಇಲ್ವಲ್ಲಯ್ಯಾ ಇದಕ್ಕೆ. ಮೂರು ಮೂಲೆ, ತುದಿ ಚೂಪು. ಮೂಟೆ ಹೊಲಿಯೋ ದಬ್ಬಳ ಇದ್ದಂಗಿದೆ."

ಹೌದು ಭಾವ, ಹಂಗೇ ಅಂದೆ. ಅಂಚು ಇರೋ ಸ್ಟಿಲೆಟ್ಟೊ ಯಾರಾದ್ರೂ ತೋರಿಸಿದ್ರೆ ಅಲ್ಲೇ ಅನುಮಾನ ಪಡ್ಬೇಕು. ಅಡ್ಡಸೀಳು, ಅಂದ್ರೆ ಅಲಗನ್ನ ಅಡ್ಡ ಕತ್ತರಿಸಿದ್ರೆ ಕಾಣೋ ಆಕಾರ, ತ್ರಿಕೋನ ಇಲ್ಲಾ ಚೌಕ, ಹಿಡಿಕೆ ಹತ್ರ ದಪ್ಪ, ಬರ್ತಾ ಬರ್ತಾ ಸಪೂರ, ಒಟ್ಟು ಒಂದಡಿ ಆಸುಪಾಸು.

ರಾತ್ರಿ ಬ್ರೆಶಾ ತಲುಪಿದಾಗ ಮಳೆ ಹಿಡ್ಕೊಂಡಿತ್ತು.

ಗುರುವಾರ: ಬ್ರೆಶಾ

ಬ್ರೆಶಾ ಕೋಟೆ ಇರೋದು ಊರ ಮಧ್ಯದ ಚಿದ್ನೇಯೊ ಗುಡ್ಡದ ಮೇಲೆ. ಹತ್ತೋ ದಾರಿ ಪೂರ್ತಿ ಕಲ್ಲು ಹಾಸಿದ್ದು, ಮಳೇಲಿ ನೆಂದು ಎಣ್ಣೆ ಸುರಿದಂಗೆ ಜಾರ್ತಿತ್ತು, ಅರ್ಧ ದಾರಿಲಿ ಭಾವನ ಬಲಗಾಲಿನ ಶೂ ಸೋಲು ಬಾಯಿ ಬಿಡ್ತು. ಬೇರೆ ಯಾರಾದ್ರೂ ಆಗಿದ್ರೆ ವಾಪಸ್ ಹೋಗೋರು. ಇವರು ಒಂದು ಮರದ ಕೆಳಗೆ ನಿಂತು ಬ್ಯಾಗಿಂದ ಅರಾಲ್ಡೈಟ್ ಟ್ಯೂಬ್ ತೆಗೆದು, ಅಕ್ಕನ ಹೇರ್‌ಬ್ಯಾಂಡ್ ಸುತ್ತಿ, ಅರ್ಧ ಗಂಟೆ ಕಾಲು ಆಡಿಸ್ದೆ ನಿಂತ್ರು. ಪ್ರವಾಸಕ್ಕೆ ಅರಾಲ್ಡೈಟ್ ಯಾಕೆ ಭಾವ ಅಂದ್ರೆ ಪೀಣ್ಯದವರು ಅದಿಲ್ದೆ ಮನೆ ಬಿಡಲ್ಲ ಅಂದ್ರು. ಅಂಟೋಕೆ ಕಾಯೋ ಹೊತ್ತಿಗೆ ಮಳೆ ಸ್ವಲ್ಪ ತೆರವಾಗಿ ಕೆಳಗೆ ಹೆಂಚಿನ ಮನೆಗಳು, ಚರ್ಚಿನ ಗುಮ್ಮಟ ಎಲ್ಲಾ ಕಂಡ್ವು, ಲಾಸ್ ಏನಿಲ್ಲ.

ಕೋಟೆ ಒಳಗೆ ಒಂದು ಹಳೇ ಸ್ಟೀಮ್ ಇಂಜಿನ್ ನಿಲ್ಲಿಸಿದಾರೆ, ಬ್ರೆಶಾದಿಂದ ಎದೊಲೊ ಊರಿಗೆ ಹೋಗೋ ಲೈನಿಂದು. ಭಾವ ಅದರ ಚಕ್ರದ ರಾಡು, ಪಿನ್ನು ನೋಡ್ತಾ ನಿಂತವರನ್ನ ಎಳ್ಕೊಂಡು ಹೋಗ್ಬೇಕಾಯ್ತು. ಆಯುಧಗಳ ಮ್ಯೂಸಿಯಂ ಇರೋದು ಮಿಲಾನ್ ಆಳ್ತಿದ್ದ ವಿಸ್ಕೊಂಟಿ ವಂಶದವರ ಕಾಲದ ಗೋಪುರದಲ್ಲಿ. ಲುಯಿಜಿ ಮಾರ್ಜೊಲಿ ಅನ್ನೋ ಉದ್ಯಮಿ ಕೂಡಿಟ್ಟ ಸಂಗ್ರಹ ಊರಿಗೆ ಬಂದು 1988ರಲ್ಲಿ ಮ್ಯೂಸಿಯಂ ಆಯ್ತು. ಒಳಗೆ ಗೋಡೆ ಮೇಲೆ ಹಳೇ ಚಿತ್ರಗಳು, ಒಂದು ಕಡೆ ರೋಮನ್ ದೇವಸ್ಥಾನದ ಅವಶೇಷ ಕೂಡ ಕಾಣತ್ತೆ, ಕವಚ ಬಂದೂಕು ನೋಡೋಕೆ ಬಂದವರಿಗೆ ಇದೆಲ್ಲ ಬೋನಸ್ಸು.

ಬ್ರೆಶಾಗೆ ಬರೋಕೆ ಕಾರಣ ಇದೆ. ಮೇಲಿನ ವಾಲ್ ತ್ರೋಂಪಿಯಾ ಕಣಿವೇಲಿ ಕಬ್ಬಿಣದ ಅದಿರು, ಮೆಲ್ಲಾ ಹೊಳೆ ನೀರಲ್ಲಿ ಓಡೋ ಸುತ್ತಿಗೆ, ಸುಡೋಕೆ ಕಾಡಿನ ಇದ್ದಿಲು. 1426ರಿಂದ 1797ರ ತನಕ, ನಡುವೆ ಕೆಲವು ವರ್ಷ ಬಿಟ್ರೆ, ಈ ಊರು ವೆನಿಸ್ ಕೈಲಿತ್ತು, ವೆನಿಸ್‌ಗೆ ಬೇಕಾದ ಆಯುಧ ಇಲ್ಲಿಂದ ಹೋಗ್ತಿತ್ತು. ಅದೇ ಕಣಿವೆಯ ಗಾರ್ದೋನೆ ಊರಿನ, ಬಂದೂಕು ಮಾಡೋ ಬೆರೆಟ್ಟಾ ಮನೆತನ 1526ರಲ್ಲಿ ವೆನಿಸ್‌ಗೆ ಬಂದೂಕಿನ ನಳಿಗೆ ಮಾರಿದ ಲೆಕ್ಕದ ಕಾಗದ ಇವತ್ತಿಗೂ ಇದೆ. ಬಂದೂಕಿಗೆ ಉಕ್ಕಿನ ಕೆತ್ತನೆ ಮಾಡ್ತಿದ್ದ ಕೈಚಳಕವೇ ಸ್ಟಿಲೆಟ್ಟೊ ಹಿಡಿಕೇಲೂ ಕಾಣೋದು.

ಒಂದು ಪೂರ್ತಿ ಉಕ್ಕಿನ ಸ್ಟಿಲೆಟ್ಟೊ ಮುಂದೆ ಭಾವ ಎಷ್ಟೊತ್ತು ನಿಂತ್ರು ಅಂದ್ರೆ ನಾನು ಒಂದು ರೌಂಡ್ ಹೊಡೆದು ಬಂದೆ. ಹಿಡಿಕೆ ಮಂಚದ ಕಾಲಿನ ಥರ ಕಡೆದದ್ದು, ಮೇಲೆ ಗೋಲಿಯಷ್ಟು ಗುಂಡು, ಅಡ್ಡಪಟ್ಟಿಯ ಎರಡು ತುದಿಗೆ ಅದಕ್ಕಿಂತ ಚಿಕ್ಕ ಗುಂಡು. ಭಾವ ಗಾಜಿಗೆ ಮೂಗು ತಾಗಿಸಿದ್ರು, ಅಲಾರಂ ಕುಂಯ್ ಅಂತು, ಕಾವಲಿನ ಹಿರಿಯರೊಬ್ರು ಎದ್ದು ಬಂದ್ರು. ನಾನು ಸಾರಿ ಸಾರಿ ಅಂತಿದ್ರೆ ಭಾವ ಅವರಿಗೇ ತೋರಿಸೋಕೆ ಶುರು. ಎಡಗಡೆ ಗುಂಡಿನ ಕುತ್ತಿಗೆ ದಪ್ಪ, ಬಲಗಡೆದು ತೆಳು. ಮಧ್ಯದ ಉಂಗುರ ಒಂದು ಕಡೆ ಕೂದಲೆಳೆ ಇಳಿದಿದೆ. "ಕಡೆದದ್ದು ಲೇತಲ್ಲಿ, ಫಿನಿಶಿಂಗ್ ಮಾತ್ರ ಕೈಯಲ್ಲಿ ಅರ ಹೊಡೆದಿದ್ದು ಕಣೋ. ಅಚ್ಚಲ್ಲಿ ಎರಕ ಹೊಯ್ದಿದ್ರೆ ಎರಡೂ ಗುಂಡು ಅವಳಿಜವಳಿ ಇರೋವು." ಕೈಯಲ್ಲಿ ಅರ ಹೊಡೆಯೋ ಸನ್ನೆ ಮಾಡಿದ್ದೇ ತಡ ಆ ಹಿರಿಯರ ಮುಖ ಅರಳ್ತು. ಅವರ ಅಪ್ಪ ಗಾರ್ದೋನೆಯಲ್ಲಿ ನಳಿಗೆ ಕೆಲಸ ಮಾಡ್ತಿದ್ರಂತೆ, ಕೈಬೆರಳಿಗೆ ಕಪ್ಪು ಹೋಗ್ತಾನೇ ಇರ್ಲಿಲ್ವಂತೆ. ನನ್ನ ಮುರುಕು ಇಟಾಲಿಯನ್‌ನಲ್ಲಿ ನಾನು ಮಧ್ಯಸ್ತಿಕೆ ಮಾಡೋ ಅಗತ್ಯವೇ ಬೀಳ್ಲಿಲ್ಲ, ಇಬ್ರೂ ಸನ್ನೇಲೇ ಗ್ರೈಂಡಿಂಗು ಪಾಲಿಶಿಂಗು ಮಾತಾಡ್ಕೊಂಡ್ರು. ಹೊರಡುವಾಗ ಅವರು ಒಂದು ಮಾತು ಹೇಳಿದ್ರು: ಮಾರೋನು ಕತೆ ಹೇಳೋಕೆ ಶುರು ಮಾಡಿದ್ರೆ ಕಿವಿ ಮುಚ್ಕೊಂಡು ಕಣ್ಣು ಬಿಡಿ ಅಂತ.

ಮಧ್ಯಾಹ್ನದ ಊಟಕ್ಕೆ ಇಲ್ಲಿನ ಸ್ಪೆಷಲ್ ಕಾಸೊನ್ಸೆಲ್ಲಿ, ಕಡುಬಿನ ಜಾತಿ, ಬೆಣ್ಣೆ ಸೇಜ್ ಎಲೆ ಹಾಕಿರ್ತಾರೆ, ಒಳಗೆ ಸಾಮಾನ್ಯವಾಗಿ ಮಾಂಸ. ಭಾವ ವೆಜ್ಜು, ಅವರಿಗೆ ಪೊಲೆಂಟಾ ಅನ್ನೋ ಮೆಕ್ಕೆಜೋಳದ ಮುದ್ದೆ ಮೇಲೆ ಬಾಗೊಸ್ ಚೀಸ್ ಹಾಕ್ಸಿದೆ. ಖಾರ ಇಲ್ಲ ಅಂತ ಒದ್ದಾಡಿದ್ರು. ಸ್ಟೇಷನ್ ಹತ್ರ ಒಂದು ಪಂಜಾಬಿ ಅಂಗಡಿ ಸಿಕ್ತು, ಈ ಜಿಲ್ಲೆಯ ಹಾಲಿನ ಫಾರ್ಮುಗಳಲ್ಲಿ ಕೆಲಸಕ್ಕೆ ಬಂದು ನೆಲೆಸಿದ ಪಂಜಾಬಿಗಳು ತುಂಬಾ ಜನ. ಅಂಗಡಿಯವರು ಹಸಿಮೆಣಸಿನಕಾಯಿ ಕವರಿಗೆ ಹಾಕಿ ದುಡ್ಡೇ ತಗೊಳ್ಳಲಿಲ್ಲ. ನಾಳೆ ರೈಲು ಮುಷ್ಕರ ಇದೆ, ಗೊತ್ತಾ ಅಂತ ಹೇಳಿದ್ದೂ ಅವರೇ.

ಶುಕ್ರವಾರ: ಫ್ಲಾರೆನ್ಸ್

ಇಟಲೀಲಿ ಮುಷ್ಕರ ಅಂದ್ರೆ ಹೆಚ್ಚಾಗಿ ಶುಕ್ರವಾರವೇ, ಮುಂಚೆನೇ ಡೇಟ್ ಹೇಳಿ ಮಾಡ್ತಾರೆ. ಆದ್ರೆ ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಲೋಕಲ್ ರೈಲು ಓಡಿಸ್ಬೇಕು ಅಂತ ನಿಯಮ ಇದೆ, ದೂರದ ಕೆಲವು ರೈಲುಗಳಿಗೂ ಗ್ಯಾರಂಟಿ ಪಟ್ಟಿ ಇರತ್ತೆ. ಹಂಗಾಗಿ ಕತ್ತಲಲ್ಲೇ ಎದ್ದು ವೆರೋನಾ ತನಕ ಲೋಕಲ್ಲು, ಅಲ್ಲಿಂದ ಪಟ್ಟಿಯಲ್ಲಿದ್ದ ಒಂದು ರೈಲು, ಸೀಟಿಲ್ದೆ ಬಾಗಿಲ ಹತ್ರ ಬ್ಯಾಗ್ ಮೇಲೆ ಕೂತು ಫ್ಲಾರೆನ್ಸ್ ಸೇರಿದ್ವಿ. ಊರಿನ ಮಧ್ಯದ ಫೇಮಸ್ ಜಾಗಕ್ಕೆಲ್ಲ ಕ್ಯೂ ನೋಡಿದ್ರೇ ತಲೆ ತಿರುಗತ್ತೆ, ನಾವು ಸೀದಾ ಊರ ಉತ್ತರಕ್ಕೆ ಮೊಂತೂಗಿ ಗುಡ್ಡದ ಸ್ಟಿಬರ್ಟ್ ಮ್ಯೂಸಿಯಂಗೆ ಹೋದ್ವಿ. ಗುರುವಾರ ರಜೆ, ಒಳಗೆ ಗೈಡ್ ಜೊತೆ ಗುಂಪಾಗೇ ಬಿಡೋದು, ಒಬ್ಬರೇ ಸುತ್ತಂಗಿಲ್ಲ, ಸ್ವಲ್ಪ ಕಾಯೋಕೆ ರೆಡಿ ಇರ್ಬೇಕು. ಹೊರಗಿನ ತೋಟ ಚೆನ್ನಾಗಿದೆ, ಅಲ್ಲಿ ಕೂತು ಮೆಣಸಿನಕಾಯಿ ಕಚ್ಕೊಂಡು ಬ್ರೆಡ್ ತಿಂದ್ವಿ.

ಫ್ರೆಡರಿಕ್ ಸ್ಟಿಬರ್ಟ್ ಹುಟ್ಟಿದ್ದು 1838ರಲ್ಲಿ ಇದೇ ಊರಲ್ಲಿ, ಸತ್ತಿದ್ದು 1906. ದುಡ್ಡು ಎಲ್ಲಿಂದ ಬಂತು ಅಂದ್ರೆ ತಾತ ಜೈಲ್ಸ್ ಸ್ಟಿಬರ್ಟ್ 18ನೇ ಶತಮಾನದಲ್ಲಿ ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಮುಖ್ಯಸ್ಥ ಆಗಿದ್ದವನು. ಗೈಡ್ ಹುಡುಗಿ ಇದನ್ನ ಹೇಳಿ ನಮ್ಮಿಬ್ಬರ ಮುಖ ನೋಡಿ ಒಂದು ಕ್ಷಣ ತಡವರಿಸಿದ್ಳು. ಭಾವ ನಗ್ತಾ, ಹಂಗಾದ್ರೆ ಟಿಕೆಟ್ ದುಡ್ಡು ವಾಪಸ್ ಕೇಳು ಅಂದ್ರು, ನಾನು ಅದನ್ನ ಟ್ರಾನ್ಸ್‌ಲೇಟ್ ಮಾಡ್ಲಿಲ್ಲ.

ದೊಡ್ಡ ಹಾಲಲ್ಲಿ ಕವಚ ತೊಟ್ಟ ಸವಾರರು ಕುದುರೆ ಮೇಲೆ ಕೂತು ಸಾಲಾಗಿ ನಿಂತಿದಾರೆ, ಮಕ್ಕಳ ಜೊತೆ ಹೋಗೋರು ಇದನ್ನ ಮಿಸ್ ಮಾಡ್ಬೇಡಿ. ಕಲೆಕ್ಟ್ ಮಾಡೋರಿಗೆ ಮಾತ್ರ ಇಲ್ಲಿ ಬೇರೆ ಪಾಠ ಇದೆ. ಸ್ಟಿಬರ್ಟ್ ಕಾಲದ ಶ್ರೀಮಂತರಿಗೆ ಮುರಿದ, ಅರೆಬರೆ ಮಾಲು ಬೇಡ, ಎಲ್ಲಾ ಫುಲ್ ಸೆಟ್ ಆಗಿ ಕಾಣ್ಬೇಕು, ಹಂಗಾಗಿ ಕೆಲಸದವರನ್ನ ಇಟ್ಟು ಇಲ್ಲದ್ದನ್ನ ಹೊಸದಾಗಿ ಮಾಡಿಸಿ ಸೇರಿಸ್ತಿದ್ರು. ಕೇಳೋರು ಜಾಸ್ತಿ ಆದಾಗ ಮಾಡೋರೂ ಹುಟ್ಕೊಂಡ್ರು, ನಮ್ಮ ಮ್ಯೂನಿಕ್‌ನಲ್ಲೇ ಅರ್ನ್ಸ್ಟ್ ಸ್ಮಿಟ್ ಅನ್ನೋನು 19ನೇ ಶತಮಾನದ ಕೊನೇಲಿ ಮಧ್ಯಯುಗದ ಕವಚ ಆಯುಧಗಳ ಕಾಪಿಗಳನ್ನ ಮಾಡಿ ಮಾರ್ತಿದ್ದ, ಅವು ಈಗ ನೂರು ವರ್ಷ ದಾಟಿ ತಾವೇ ಆಂಟಿಕ್ ಆಗಿಬಿಟ್ಟಿವೆ. ನೂರು ವರ್ಷದ ತುಕ್ಕು ನಿಜವಾದ ತುಕ್ಕೇ ಅಲ್ವಾ, ಅದಕ್ಕೇ ತುಕ್ಕೊಂದನ್ನೇ ನಂಬ್ಕೊಂಡು ಕೂರೋ ಹಂಗಿಲ್ಲ.

ಭಾವ ಇದಕ್ಕೊಂದು ದಾರಿ ಹೇಳಿದ್ರು, ನಂಗಂತೂ ಬಹಳ ಉಪಯೋಗಕ್ಕೆ ಬಂತು. ಹಳೇ ಕಬ್ಬಿಣ ಕರಗಿಸಿ ಹೊಯ್ದಿದ್ದಲ್ಲ, ಕಿಟ್ಟ ಅಂದ್ರೆ ಅದಿರಿನ ಕಲ್ಮಶ ಸಮೇತ ಮುದ್ದೆ ಮಾಡಿ ಬಡಿದು ಬಡಿದು ತೆಗೆದಿದ್ದು, ಹಂಗಾಗಿ ಒಳಗೆ ಕಿಟ್ಟದ ಎಳೆಗಳು ಉದ್ದಕ್ಕೆ ಉಳ್ಕೊಂಡಿರತ್ತೆ, ತುಕ್ಕು ತಿಂದ ಕಡೆ ಮರದ ನಾರಿನ ಥರ ಗೆರೆ ಬಿಡತ್ತೆ. 1856ರಲ್ಲಿ ಕರಗಿದ ಕಬ್ಬಿಣಕ್ಕೆ ಗಾಳಿ ಊದಿ ಉಕ್ಕು ಮಾಡೋ ಬೆಸ್ಸೆಮರ್ ವಿಧಾನ ಬಂದ್ಮೇಲಿನ ಉಕ್ಕು ಒಂದೇ ಸಮ, ತುಕ್ಕು ಹಿಡಿದ್ರೂ ಚುಕ್ಕೆ ಚುಕ್ಕೆ, ಎಳೆ ಇಲ್ಲ. ಆಸಿಡ್ ಹಾಕಿ ಹಳೇದು ಮಾಡಿದ್ರಂತೂ ಸಂದಿ ಗೊಂದಿ ಬಿಡದೆ ಎಲ್ಲಾ ಕಡೆ ಒಂದೇ ಥರ ಕೊರೆದಿರತ್ತೆ, ಅಸಲಿ ತುಕ್ಕು ಅಷ್ಟು ನಿಯತ್ತಾಗಿ ಕೆಲಸ ಮಾಡಲ್ಲ.

ಪೂರ್ವದೇಶಗಳ ವಿಭಾಗದಲ್ಲಿ ನಮ್ಮ ಕಠಾರಿ ಕಂಡಾಗ ಇಬ್ರಿಗೂ ಖುಷಿ. ಅಡ್ಡ ಹಿಡಿ ಮುಷ್ಟೀಲಿ ಹಿಡಿದು ಗುದ್ದಿದಂಗೆ ಚುಚ್ಚೋದು, ಅದೂ ಇದೇ ಕುಲವೇ. ವಿಜಯನಗರ, ತಂಜಾವೂರು ಕಡೆಯ ಎಷ್ಟೋ ಹಳೇ ಕಠಾರಿಗಳಿಗೆ ಯುರೋಪಿನಿಂದ ಬಂದ ಕತ್ತಿಯ ಅಲಗನ್ನೇ ಕತ್ತರಿಸಿ ಹಾಕಿರೋದು ಅಂದೆ. ಭಾವ ಅದಕ್ಕೆ, ಒಳ್ಳೆ ಸ್ಟೀಲ್ ಸಿಕ್ರೆ ಯಾವನು ಬಿಡ್ತಾನೆ ಅಂದ್ರು.

ಸಂಜೆ ರಿಬೊಲ್ಲಿತಾ ಅಂತ ಕಾಳು, ಸೊಪ್ಪು, ಒಣ ಬ್ರೆಡ್ ಹಾಕಿ ಕುದಿಸಿದ ಗಟ್ಟಿ ಸೂಪು. ವೆಜ್‌ನವರು ಫ್ಲಾರೆನ್ಸಲ್ಲಿ ಇದನ್ನ ನೆನಪಿಟ್ಕೊಳ್ಳಿ, ಮಾಂಸದ ಸ್ಟಾಕ್ ಹಾಕಿದಾರಾ ಅಂತ ಒಂದು ಮಾತು ಕೇಳಿ ಆರ್ಡರ್ ಮಾಡಿ.

ಶನಿವಾರ: ಅರೆಟ್ಸೊ

ಅರೆಟ್ಸೊ ಸಂತೆ 1968ರಲ್ಲಿ ಇವಾನ್ ಬ್ರೂಸ್ಕಿ ಅನ್ನೋ ಆಂಟಿಕ್ ವ್ಯಾಪಾರಿ ಶುರು ಮಾಡಿದ್ದು. ಪಿಯಾತ್ಸಾ ಗ್ರಾಂದೆ ಅಂತ ಇಳಿಜಾರಿನ ಚೌಕ, ಒಂದು ಕಡೆ ವಸಾರಿ ಅನ್ನೋ 16ನೇ ಶತಮಾನದ ವಾಸ್ತುಶಿಲ್ಪಿ ಡಿಸೈನ್ ಮಾಡಿದ ಕಮಾನು ಸಾಲು, ಅಲ್ಲಿಂದ ಸುತ್ತಲಿನ ಗಲ್ಲಿ ಗಲ್ಲಿಗೂ ಟೇಬಲ್‌ಗಳು. ಬೆಳಗ್ಗೆ ಬೇಗ ಹೋದ್ರೆ ವ್ಯಾಪಾರಿಗಳು ಇನ್ನೂ ಪೇಪರಿಂದ ಸಾಮಾನು ಬಿಚ್ತಿರ್ತಾರೆ, ಮಾತಿಗೂ ಸಿಗ್ತಾರೆ. ಬಿಸಿಲು ಚೆನ್ನಾಗಿ ಬಿದ್ದಿತ್ತು, ಲೋಹ ನೋಡೋಕೆ ಓರೆ ಬಿಸಿಲಿನಂಥ ಲೈಟ್ ಇಲ್ಲ. ಜೇಬಲ್ಲಿ ಹತ್ತು ಪಟ್ಟು ದೊಡ್ಡದು ಮಾಡೋ ಮಸೂರ, ಭಾವನ ಹತ್ರ ಸೂಕ್ಷ್ಮವಾಗಿ ಅಳೆಯೋ ವರ್ನಿಯರ್ ಕ್ಯಾಲಿಪರ್.

ಆಯುಧ ಇರೋ ಟೇಬಲ್ ಕಮ್ಮಿ, ಇದ್ದಿದ್ರಲ್ಲೂ ಸ್ಟಿಲೆಟ್ಟೊ ಅಂತ ಇಟ್ಟಿದ್ದೆಲ್ಲ ಸ್ಟಿಲೆಟ್ಟೊ ಅಲ್ಲ. ಮೊದಲನೇದು ಕಾಗದ ಕತ್ತರಿಸೋ ಅಲಂಕಾರದ ಚಾಕು, ಹಿತ್ತಾಳೆ ಹಿಡಿಕೆ ಮೇಲೆ ಎರಕದ ಅಚ್ಚಿನ ಎರಡು ಭಾಗ ಸೇರಿದ ಗೆರೆ ಎದ್ದು ಕಾಣ್ತಿತ್ತು. ಇನ್ನೊಂದು ಕಡೆ ಪ್ಲಸ್ ಆಕಾರದ ಅಡ್ಡಸೀಳಿನ ಅಲಗು, 16ನೇ ಶತಮಾನದ್ದು ಅಂದ. ಅದು ಫ್ರೆಂಚರ 1886ರ ಲೆಬೆಲ್ ರೈಫಲಿನ ತುದಿಗೆ ಸಿಗಿಸೋ ಬಯೊನೆಟ್ಟು, ಮೂಲದಲ್ಲಿ ಅರ್ಧ ಮೀಟರ್‌ಗೂ ಉದ್ದ, ಮೊದಲ ಮಹಾಯುದ್ಧದಲ್ಲಿ ಕಂದಕದೊಳಗೆ ಬಳಸೋಕೆ ಕತ್ತರಿಸಿ ಬಾಕು ಮಾಡ್ಕೊಳ್ತಿದ್ರು. ಅದೂ ಕಲೆಕ್ಟ್ ಮಾಡೋ ಮಾಲೇ, ನಂಗೆ ಇಷ್ಟವೂ ಹೌದು, ಆದ್ರೆ ಲೆಬೆಲ್ ಅಂತ ಹೇಳಿ ಲೆಬೆಲ್ ರೇಟಿಗೆ ಕೊಡ್ಬೇಕು. ಮೂರನೇದನ್ನ ಭಾವ ಕೈಗೆತ್ತಿಕೊಂಡ ತಕ್ಷಣ ನಕ್ಕುಬಿಟ್ರು: ತ್ರಿಕೋನದ ಅರವನ್ನೇ ಉಜ್ಜಿ ಬಾಕು ಮಾಡಿದಾರೆ, ಹಿಡಿಕೆ ಬುಡದಲ್ಲಿ ಅರದ ಹಲ್ಲು ಇನ್ನೂ ಉಳಿದಿದೆ.

ಚರ್ಚಿನ ಹಿಂದಿನ ಗಲ್ಲಿಯಲ್ಲಿ, ಬಿಳೀ ಗಡ್ಡದ ಒಬ್ಬ ವ್ಯಾಪಾರಿ ಹತ್ರ ಗಾಜಿನ ಪೆಟ್ಟಿಗೇಲಿ ಒಂದು ಫುಸೆಟ್ಟೊ ಇತ್ತು. ಇದು ಫಿರಂಗಿ ಹಾರಿಸೋ ಸೈನಿಕರ ಸ್ಟಿಲೆಟ್ಟೊ, ಅಲಗಿನ ಮೇಲೆ 1, 3, 6, 9, 12 ಅಂತ 120ರ ತನಕ ಗೆರೆ, ನಂಬರು. ಫಿರಂಗಿ ಬಾಯಿಗೆ ಅಡ್ಡ ಹಿಡಿದ್ರೆ ಎಷ್ಟು ತೂಕದ ಗುಂಡು ಹಿಡಿಯತ್ತೆ ಅಂತ ಗೊತ್ತಾಗ್ಬೇಕು. ಸ್ಟಿಲೆಟ್ಟೊ ಬ್ಯಾನ್ ಇದ್ದಾಗಲೂ ಫಿರಂಗಿಯವರಿಗೆ ಇದು ಕೆಲಸದ ಸಲಕರಣೆ ಅಂತ ಇಟ್ಕೊಳ್ಳೋಕೆ ಬಿಡ್ತಿದ್ರು. ಕೇಳೋರು ಜಾಸ್ತಿ, ಬೆಲೆಯೂ ಸಾದಾ ಸ್ಟಿಲೆಟ್ಟೊಗಿಂತ ಮೇಲೆ.

ಭಾವ ವರ್ನಿಯರ್ ತೆಗೆದ್ರು. ಅಳೆದು ಅಳೆದು ಹಳೇ ಟಿಕೆಟ್ ಹಿಂದೆ ಬರ್ಕೊಂಡ್ರು. "ಗುಂಡಿನ ವ್ಯಾಸ ಎರಡರಷ್ಟಾದ್ರೆ ತೂಕ ಎಂಟರಷ್ಟು ಆಗ್ಬೇಕು, ಮೂರರಷ್ಟಾದ್ರೆ ಇಪ್ಪತ್ತೇಳರಷ್ಟು. ಅಂದ್ಮೇಲೆ ನಂಬರ್ ದೊಡ್ಡದಾಗ್ತಾ, ಅಷ್ಟೇ ತೂಕ ಏರೋಕೆ ಗೆರೆಗಳು ಹತ್ತಿರ ಹತ್ತಿರ ಬರ್ಬೇಕು. ಇಲ್ಲಿ ಎಲ್ಲಾ ಒಂದೇ ಅಂತರ. ಇದ್ರಲ್ಲಿ ಅಳೆದು ಗುಂಡು ಹಾಕಿದ್ರೆ ಫಿರಂಗಿ ಒಡೆದು ಹಾರಿಸೋನೇ ಹೋಗ್ತಿದ್ದ."

ನಾನು ಅದನ್ನ ವ್ಯಾಪಾರಿಗೆ ಹೇಳಿದೆ. ಅವರು ಕೋಪ ಮಾಡ್ಕೊಳ್ಳಲಿಲ್ಲ, ಕುರ್ಚಿ ಎಳೆದು ಕೂರಿಸಿದ್ರು. ಆ ಕಾಲದ ಅಸಲಿ ಫುಸೆಟ್ಟೊಗಳಲ್ಲೂ ಎಷ್ಟೋದರ ಗೆರೆಗಳು ಯಾವ ಲೆಕ್ಕಕ್ಕೂ ಕೂರಲ್ಲ, ಬ್ಯಾನ್ ತಪ್ಪಿಸ್ಕೊಳ್ಳೋಕೆ ಸುಮ್ನೆ ನಂಬರ್ ಹಾಕಿಸ್ಕೊಂಡವರೂ ಇದ್ರು, ಸ್ಕೇಲ್ ಸುಳ್ಳಾದ ಮಾತ್ರಕ್ಕೆ ಬಾಕು ಸುಳ್ಳಲ್ಲ ಅಂದ್ರು. ಇದು ನಿಜ, ಕಲೆಕ್ಟರುಗಳಿಗೆ ಗೊತ್ತಿರೋ ವಿಷಯವೇ. ಭಾವನೂ ಒಪ್ಕೊಂಡ್ರು, ಲೈಸೆನ್ಸಿಗೆ ಸುಳ್ಳು ಡ್ರಾಯಿಂಗ್ ಕೊಡೋರು ನಮ್ಮಲ್ಲಿ ಇಲ್ವಾ ಅಂತ.

ಆದ್ರೂ ಕೆಳಗಿಡಲಿಲ್ಲ. ಮಸೂರ ಇಸ್ಕೊಂಡು ಬಿಸಿಲಿಗೆ ಓರೆಯಾಗಿ ತಿರುಗಿಸಿ ತಿರುಗಿಸಿ ನೋಡಿದ್ರು, ಆಮೇಲೆ ನಂಗೂ ತೋರಿಸಿದ್ರು. 20ರ ಗೆರೆ ಹತ್ರ ತುಕ್ಕು ತಿಂದ ಒಂದು ಗುಂಡಿ, ಸಾಸಿವೆ ಕಾಳಷ್ಟು. ಗೆರೆ ಮೊದಲೇ ಇದ್ದಿದ್ರೆ ತುಕ್ಕು ಆ ಗೆರೆಯನ್ನೂ ತಿಂದು ಗುಂಡಿ ಜಾಗದಲ್ಲಿ ಗೆರೆ ಕಡಿದುಹೋಗಿರ್ಬೇಕು. ಇಲ್ಲಿ ಗೆರೆ ಗುಂಡಿಯ ದಂಡೆ ಇಳಿದು, ತಳದಲ್ಲಿ ಓಡಿ, ಆಚೆ ದಂಡೆ ಹತ್ತಿತ್ತು. ತುಕ್ಕು ಮೊದಲು, ಗೆರೆ ಆಮೇಲೆ. ಗುಂಡಿ ಒಳಗೆಲ್ಲ ಹಳೇ ಕಪ್ಪು, ಗೆರೆ ಕೊರೆದ ಕಡೆ ಮಾತ್ರ ಅಷ್ಟು ಕಪ್ಪಿಲ್ಲ. ಹಿಡಿಕೆ ಕಡೆ ತಿರುಗಿಸಿದ್ರೆ ಕಿಟ್ಟದ ಎಳೆ ಚೆನ್ನಾಗೇ ಇದೆ, ಗುಂಡುಗಳು ಒಂದೇ ಸಮ ಇಲ್ಲ, ಹಿಡಿಕೆ ಒಳಗೆ ಹೋಗೋ ಅಲಗಿನ ಬಾಲವನ್ನ ಮೇಲಿನ ಗುಂಡಿನಾಚೆ ತಂದು ಸುತ್ತಿಗೇಲಿ ಬಡಿದು ಹರಡಿಸಿದಾರೆ, ನಟ್ಟು ಗಿಟ್ಟು ಏನಿಲ್ಲ. ಅಂದ್ರೆ ಹಳೇ ಸಾದಾ ಸ್ಟಿಲೆಟ್ಟೊಗೆ ಯಾರೋ ರೇಟ್ ಏರಿಸೋಕೆ ಆಮೇಲೆ ನಂಬರು ಹೊಡೆದಿದಾರೆ.

ವ್ಯಾಪಾರಿ ಮಸೂರ ತಗೊಂಡು ತಾವೇ ನೋಡಿದ್ರು, ಬಹಳ ಹೊತ್ತು. ಆಮೇಲೆ ಭಾವನ ಕೈ ಹಿಡಿದು ಅಂಗೈ ತಿರುಗಿಸಿ ಅಲ್ಲಿನ ಗಂಟು, ಸುಟ್ಟ ಕಲೆ ನೋಡಿ ಏನೋ ಗೊಣಗಿದ್ರು. ಮೊದಲು ಹೇಳಿದ ರೇಟಿನ ಅರ್ಧಕ್ಕೆ ಇಳಿದ್ರು, ನಾನು ಇನ್ನೂ ಸ್ವಲ್ಪ ಎಳೆದೆ, ಕಾಫಿ ಬಂತು, ಮಾತು ಮುಗೀತು. ನಂಬರು ಹಾಳು ಮಾಡಿದ ಬಾಕು ತಗೋಬಾರದು ಅನ್ನೋ ಕಲೆಕ್ಟರುಗಳೂ ಇದಾರೆ, ನನ್ನ ಲೆಕ್ಕದಲ್ಲಿ ಅದರ ಮೇಲೆ ಆಗಿರೋದೂ ಅದರ ಚರಿತ್ರೆಯೇ, ದುಡ್ಡು ಸಾದಾ ಸ್ಟಿಲೆಟ್ಟೊದಷ್ಟೇ ಕೊಟ್ರಾಯ್ತು.

ಆದ್ರೆ ಕೈಗೆ ಕೊಡ್ಲಿಲ್ಲ, ಕೊಡಂಗೂ ಇಲ್ಲ. ಇಟಲಿ ಕಾನೂನಲ್ಲಿ ಸ್ಟಿಲೆಟ್ಟೊ ಪಕ್ಕಾ ಆಯುಧ, ಆಂಟಿಕ್ ಆದ್ರೂ ಮನೇಲಿಟ್ಟವರು ಪೊಲೀಸಿಗೆ ತಿಳಿಸಿರ್ಬೇಕು. ಮೇಲಾಗಿ 70 ವರ್ಷ ದಾಟಿದ ಕಲಾವಸ್ತು ದೇಶದಿಂದಾಚೆ ಹೋಗ್ಬೇಕಂದ್ರೆ ಸರ್ಕಾರದ ಎಕ್ಸ್‌ಪೋರ್ಟ್ ಆಫೀಸು ಇದೆ, 13,500 ಯೂರೋ ಮೇಲಿದ್ರೆ ಲೈಸೆನ್ಸು, ಕೆಳಗಿದ್ರೆ ಘೋಷಣೆ. ಪೇಪರ್ ಬೇಡ, ಬ್ಯಾಗಿಗೆ ಹಾಕ್ಕೊಳ್ಳಿ ಅನ್ನೋ ವ್ಯಾಪಾರಿ ಹತ್ರ ಏನೂ ಕೊಳ್ಳಬೇಡಿ, ಮಾಲು ಎಷ್ಟೇ ಚೆನ್ನಾಗಿರ್ಲಿ. ಅಡ್ವಾನ್ಸ್ ಕೊಟ್ಟು, ರಸೀದಿಯಲ್ಲಿ "ಸ್ಟಿಲೆಟ್ಟೊ, 17ನೇ ಶತಮಾನ, ಅಂಕಿಗಳು ನಂತರದವು" ಅಂತ ಬರೆಸ್ಕೊಂಡೆ. ಆ ಕೊನೇ ಎರಡು ಪದ ಬರೆಯೋಕೆ ಮಾತ್ರ ಅವರು ಸ್ವಲ್ಪ ಮುಖ ಗಂಟು ಹಾಕಿದ್ರು.

ಭಾನುವಾರ: ವಾಪಸ್

ಬೆಳಗ್ಗೆ ಇನ್ನೊಂದು ಸುತ್ತು ಸಂತೆ ಹೊಡೆದ್ವಿ, ಭಾವ ಹಳೇ ಇಟಾಲಿಯನ್ ಮೈಕ್ರೊಮೀಟರ್ ಒಂದನ್ನ ಮರದ ಡಬ್ಬಿ ಸಮೇತ ತಗೊಂಡ್ರು, ಚೌಕಾಸಿ ನನಗಿಂತ ಚೆನ್ನಾಗಿ ಮಾಡಿದ್ರು. ಪೀಚಿ ಅಂತ ದಪ್ಪ ಶಾವಿಗೆ, ಬೆಳ್ಳುಳ್ಳಿ ಟೊಮೇಟೊ ಸಾಸಲ್ಲಿ, ಉಳಿದಿದ್ದ ಮೆಣಸಿನಕಾಯಿ ಎಲ್ಲಾ ಅದರ ಮೇಲೆ ಖಾಲಿ. ಮಧ್ಯಾಹ್ನ ಬೊಲೊನ್ಯಾ ದಾರಿ ಹಿಡಿದು ರೈಲು ಬದಲಾಯಿಸಿ, ಬ್ರೆನ್ನರ್ ದಾಟುವಾಗ ಕತ್ತಲೆ, ಏನೂ ಕಾಣ್ಲಿಲ್ಲ. ಅಂಟಿಸಿದ ಸೋಲು ಮ್ಯೂನಿಕ್ ತನಕ ಬಂತು.

ಬಾಕು ಇನ್ನೂ ಅರೆಟ್ಸೊದಲ್ಲೇ ಇದೆ. ಘೋಷಣೆ ಪೇಪರ್ ಆಫೀಸಿಗೆ ಹೋಗಿದೆ ಅಂತ ವ್ಯಾಪಾರಿ ಮೇಲ್ ಹಾಕಿದ್ರು, ಜೊತೆಗೆ ಇನ್ನೊಂದು ರಾಂಡೆಲ್ ಬಾಕಿನ ಫೋಟೋ ಕಳಿಸಿ, ಇದನ್ನ ನಿಮ್ಮ ಭಾವಂಗೆ ತೋರಿಸಿ ಏನಂತಾರೆ ಕೇಳಿ ಅಂತ ಬರೆದಿದ್ರು. ಭಾವ ಈಗ ಬೆಂಗಳೂರಲ್ಲಿದಾರೆ. ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿದೆ. ಫೋಟೋ ನೋಡಿ ಹೇಳೋಕೆ ನಾನೇನು ಜ್ಯೋತಿಷಿನಾ, ಬಿಲ್ಲೆ ಅಂಚನ್ನ ಹತ್ತಿರದಿಂದ ಓರೆ ಬಿಸಿಲಲ್ಲಿ ತೆಗೆದು ಕಳಿಸೋಕೆ ಹೇಳು ಅಂತ ರಿಪ್ಲೈ ಬಂತು.